‘ಆರ್ಮ್ಸ್’ ಹೊತ್ತ ಮಾತುಗಳು

‘ದಿ ಪೀಪಲ್ ಆಫ್ ಕಿತ್ತೂರ್ ವರ್ ಅಪ್ ಇನ್ ಆರ್ಮ್ಸ್.’

‘ದಿ ಫಾರ್ಮರ್ಸ್ ಆಫ್ ನರಗುಂದ್ ವರ್ ಅಪ್ ಇನ್ ಆರ್ಮ್ಸ್.’

ಈ ಎರಡು ಇಂಗ್ಲಿಷ್ ವಾಕ್ಯಗಳನ್ನು ಕನ್ನಡಕ್ಕೆ ತಿರುಗಿಸಿ ಎಂದು ಪರೀಕ್ಷೆಯಲ್ಲಿ ಕೇಳಿದರೆ ನೀವು ಏನು ಬರೆಯುತ್ತೀರಿ? ಮೊದಲನೆಯದು 1824ರ ಸಂಗತಿ. ಅಲ್ಲಿ ‘ಕಿತ್ತೂರಿನ ಜನ ಶಸ್ತ್ರ ಹಿಡಿದು ಎದ್ದರು’ ಎಂದು ಬರೆದರೆ ಸರಿಯಾದ ಉತ್ತರ. ಆ ವರ್ಷದ ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಕತ್ತಿಗಳೂ ಬಂದೂಕುಗಳೂ ನಿಜವಾಗಿಯೇ ಮಾತಾಡಿದವು. ಎರಡನೆಯದು 1980ರ ಸಂಗತಿ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ, ನೀರಾವರಿ ಪ್ರದೇಶದ ಜಮೀನುಗಳ ಮೇಲೆ ಅಭಿವೃದ್ಧಿ ಕರ ಹೇರಿದ್ದನ್ನು ರೈತರು ಪ್ರತಿಭಟಿಸಿದರು. ಜುಲೈ 21ರಂದು ಗೋಲಿಬಾರು ನಡೆಯಿತು. ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ಆದರೂ ‘ಅಪ್ ಇನ್ ಆರ್ಮ್ಸ್’ ಎಂದು ಒಬ್ಬ ವರದಿಗಾರ ಆ ರೈತರ ಬಗ್ಗೆ ಬರೆದರೆ ಅದಕ್ಕೆ ಆಯುಧದ ಅರ್ಥವಿಲ್ಲ, ಸಿಟ್ಟಿನ ಅರ್ಥ ಮಾತ್ರ ಇದೆ. ‘ರೈತರು ಸಿಡಿದೆದ್ದರು’ ಎನ್ನಬೇಕು. ‘ರೈತರು ಶಸ್ತ್ರ ಹಿಡಿದರು’ ಎಂದು ಬರೆದಿರೋ, ಕರ ರದ್ದು ಮಾಡಿ ಎಂದು ಕೇಳಿದವರನ್ನು ಬಂಡಾಯದ ಸೈನ್ಯವನ್ನಾಗಿ ಮಾಡಿಬಿಟ್ಟಿರಿ. ಅನುವಾದದಲ್ಲಿ ಒಂದು ಅಂಕ ಹೋದರೆ ಹೋಗಲಿ. ಪತ್ರಿಕೆಯಲ್ಲಿ, ಕೋರ್ಟಿನಲ್ಲಿ, ಪೊಲೀಸು ಠಾಣೆಯಲ್ಲಿ ಇದೇ ತಪ್ಪಿಗೆ ಬೇರೆ ಬೆಲೆ ತೆರಬೇಕಾಗುತ್ತದೆ.

ಆಯುಧ ಹೊರುವುದಕ್ಕೆ ಸಂಬಂಧಿಸಿದ ಇಂಗ್ಲಿಷ್ ಮಾತುಗಳೆಲ್ಲ ಹೀಗೆಯೇ ಇಬ್ಬಾಯಿಯ ಮಾತುಗಳು. ಯಾವಾಗ ಅವು ನಿಜವಾದ ಕಬ್ಬಿಣವನ್ನು ಹೇಳುತ್ತವೆ, ಯಾವಾಗ ಬರಿಯ ಹೋಲಿಕೆಯಾಗಿ ನಿಲ್ಲುತ್ತವೆ ಎಂಬುದನ್ನು ತಿಳಿಯುವುದಕ್ಕೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸೀಮೆಗಿಂತ ಒಳ್ಳೆಯ ಪಾಠಶಾಲೆ ಸಿಕ್ಕಲಿಕ್ಕಿಲ್ಲ.

ಮೊದಲು ಹೆಸರುಪದವನ್ನು ನೋಡೋಣ. ‘ಆರ್ಮ್’ ಎಂದರೆ ತೋಳು. ‘ಆರ್ಮ್ಸ್’ ಎಂದರೆ ತೋಳುಗಳು, ಆಯುಧಗಳು ಎರಡೂ. ತೋಳಿನಿಂದ ಬೀಸುವುದರಿಂದ ಆಯುಧಕ್ಕೆ ತೋಳಿನ ಹೆಸರು ಬಂತು ಎಂದು ಊಹಿಸುವುದು ಸಹಜ. ಆದರೆ ತೋಳಿನ ಅರ್ಥದ ಪದ ಹಳೆಯ ಇಂಗ್ಲಿಷಿನ ಸ್ವಂತ ಪದ. ಆಯುಧದ ಅರ್ಥದ ಪದ ಲ್ಯಾಟಿನ್ನಿನ ‘ಆರ್ಮ’ದಿಂದ ಫ್ರೆಂಚಿನ ಮೂಲಕ ಬಂದ ಪರದೇಶಿ. ಬಹಳ ಹಿಂದಕ್ಕೆ ಹೋದರೆ ಎರಡೂ ಒಂದೇ ಮೂಲವನ್ನು ಮುಟ್ಟುತ್ತವೆ ಎನ್ನುತ್ತಾರೆ ವಿದ್ವಾಂಸರು. ಇಂಗ್ಲಿಷಿನ ಮಟ್ಟಿಗೆ ಇವು ದಾಯಾದಿಗಳು, ಒಂದೇ ಮನೆಯವರಲ್ಲ. ‘ಆರ್ಮಿ’, ‘ಆರ್ಮರ್’ ಎಂಬ ಕವಚ, ಯುದ್ಧವಿರಾಮ ಎಂಬರ್ಥದ ‘ಆರ್ಮಿಸ್ಟಿಸ್’ ಎಲ್ಲ ಲ್ಯಾಟಿನ್ ಕಡೆಯವು. ‘ಅಲಾರಂ’ ಕೂಡ ಅದೇ ಮನೆತನದ್ದು! ‘ಆಯುಧ ಹಿಡಿಯಿರಿ’ ಎಂಬ ಇಟಲಿಯ ಕೂಗು ಅದರ ಹುಟ್ಟು. ಪರೀಕ್ಷೆಯ ದಿನ ಬೆಳಗಿನ ಜಾವ ನಿಮ್ಮನ್ನು ಎಬ್ಬಿಸುವ ಗಡಿಯಾರ ಒಂದು ಕಾಲದಲ್ಲಿ ಸಿಪಾಯಿಗಳನ್ನು ಎಬ್ಬಿಸುತ್ತಿತ್ತೆನ್ನಿ.

ಇನ್ನೊಂದು ಮಾತು. ಆಯುಧದ ಅರ್ಥದಲ್ಲಿ ‘ಆರ್ಮ್ಸ್’ ಎಂಬುದಕ್ಕೆ ಬಳಕೆಯಲ್ಲಿ ಏಕವಚನವಿಲ್ಲ. ‘ಹಿ ಹ್ಯಾಡ್ ಆ್ಯನ್ ಆರ್ಮ್’ ಎಂದರೆ ಅವನಿಗೆ ಒಂದು ತೋಳಿತ್ತು ಎಂದಾದೀತು. ಒಂದೇ ಆಯುಧವಾದರೆ ‘ವೆಪನ್’ ಎನ್ನಬೇಕು. ‘ಫೈರ್‌ಆರ್ಮ್’ ಇದಕ್ಕೆ ಒಂದು ಅಪವಾದ. ಅದು ಒಂದೂ ಆಗಬಹುದು, ಹತ್ತೂ ಆಗಬಹುದು.

ಈಗ ಕ್ರಿಯಾಪದಗಳಿಗೆ ಬರೋಣ. ಮುಖ್ಯ ವಿಷಯವಿರುವುದೇ ಅಲ್ಲಿ. ಕನ್ನಡದಲ್ಲಿ ಕತ್ತಿಯನ್ನು ಹಿಡಿಯುತ್ತೇವೆ, ಸೊಂಟಕ್ಕೆ ಕಟ್ಟುತ್ತೇವೆ, ಬಂದೂಕನ್ನು ಹೆಗಲಿಗೆ ಏರಿಸುತ್ತೇವೆ, ಬಿಲ್ಲನ್ನು ಎತ್ತುತ್ತೇವೆ. ಗೌರವವಾಗಿ ಹೇಳುವಾಗ ‘ಶಸ್ತ್ರ ಧರಿಸು’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಮುಖ್ಯವಾಗಿ ಮೂರು ಮಾತುಗಳಿವೆ: ‘ಕ್ಯಾರಿ’, ‘ವೇರ್’, ‘ಬೇರ್’. ‘ಕ್ಯಾರಿ’ ಹುಟ್ಟಿದ್ದು ಗಾಡಿಯಿಂದ. ಲ್ಯಾಟಿನ್ನಿನ ‘ಕಾರ್ರುಸ್’ ಎಂಬ ಬಂಡಿಯೇ ಅದರ ಮೂಲ. ಇಂದಿನ ಕಾರೂ ಅದೇ ಬಂಡಿಯ ಸಂತಾನ. ಆದ್ದರಿಂದ ‘ಕ್ಯಾರಿ’ ಎಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದು, ಜೊತೆಯಲ್ಲಿ ಇಟ್ಟುಕೊಂಡಿರುವುದು. ಹೊಲಕ್ಕೆ ಬರುವ ಹಂದಿಯನ್ನು ಓಡಿಸಲು ಹೋದವನು ‘ಕ್ಯಾರೀಸ್ ಎ ಗನ್’. ‘ವೇರ್’ ಎಂದರೆ ಉಡುಪಿನಂತೆ ಮೈಮೇಲೆ ತೊಡುವುದು; ದೇಸಾಯರು ದರಬಾರಿಗೆ ಕತ್ತಿ ಕಟ್ಟಿಕೊಂಡು ಬಂದರೆ ಅದು ‘ವೇರ್’.

‘ಬೇರ್’ ಈ ಮೂರರಲ್ಲಿ ಬಹು ಹಳೆಯದು. ಸಂಸ್ಕೃತದ ‘ಭೃ’ ಧಾತುವಿಗೂ ಇದಕ್ಕೂ ಒಂದೇ ಬೇರು. ನಾವು ದಿನಾ ಆಡುವ ‘ಭಾರ’, ಒಡೆಯನಿಂದ ಪೋಷಣೆ ಪಡೆಯುವ ‘ಭೃತ್ಯ’ ಎರಡೂ ಆ ಧಾತುವಿನವು. ಹೊರೆಯನ್ನೂ ಹೊರುವುದು, ಹೆಸರನ್ನೂ ಹೊರುವುದು, ಹಣ್ಣು ಬಿಡುವುದು, ಮಗುವನ್ನು ಹೆರುವುದು, ನೋವನ್ನು ತಾಳುವುದು, ಸಾಕ್ಷಿ ನುಡಿಯುವುದು, ಹಗೆ ಸಾಧಿಸುವುದು - ಇಷ್ಟಕ್ಕೂ ಇಂಗ್ಲಿಷಿನಲ್ಲಿ ‘ಬೇರ್’ ಸಾಕು. ಈ ಪಟ್ಟಿಯಲ್ಲಿ ಕೈಯಿಂದ ಎತ್ತಿ ಒಯ್ಯುವ ಕೆಲಸ ಎಷ್ಟು ಕಡಿಮೆ ನೋಡಿ. ‘ಬೇರ್’ ಬಂತೆಂದರೆ ಹೊತ್ತದ್ದು ವಸ್ತುವಲ್ಲ, ಒಂದು ಹೊಣೆ ಎಂಬ ಭಾವ ಅದರ ಹಿಂದೆ ಸಾಮಾನ್ಯವಾಗಿ ಇರುತ್ತದೆ. (ಬರಿದು ಎಂಬರ್ಥದ ‘ಬೇರ್’ ಬೇರೆ, ಕರಡಿ ಎಂಬರ್ಥದ ‘ಬೇರ್’ ಬೇರೆ. ‘ಬೇರ್ ಆರ್ಮ್ಸ್’ ಎಂಬುದನ್ನು ಒಂದು ಬಗೆಯ ಕಾಗುಣಿತದಲ್ಲಿ ಬರೆದರೆ ಶಸ್ತ್ರಧಾರಣೆ, ಇನ್ನೊಂದರಲ್ಲಿ ತೋಳಿಲ್ಲದ ಅಂಗಿ. ಕನ್ನಡ ಲಿಪಿಯಲ್ಲಿ ಮೂರೂ ಒಂದೇ ರೂಪದಲ್ಲಿ ಕೂತಿರುವುದರಿಂದ ನಾವು ಇನ್ನಷ್ಟು ಎಚ್ಚರವಾಗಿರಬೇಕು.)

ಹೀಗಾಗಿ ‘ಟು ಬೇರ್ ಆರ್ಮ್ಸ್’ ಎಂದರೆ ಆಯುಧವನ್ನು ಕೈಯಲ್ಲಿ ಇಟ್ಟುಕೊಳ್ಳುವುದು ಎಂದಷ್ಟೇ ಅಲ್ಲ. ಒಬ್ಬ ರಾಜನ ಪರವಾಗಿ, ಒಂದು ನಾಡಿನ ಪರವಾಗಿ ಅಥವಾ ಅದರ ವಿರುದ್ಧವಾಗಿ ಯೋಧನಾಗಿ ನಿಲ್ಲುವುದು ಎಂಬ ಅರ್ಥ ಈ ನುಡಿಗಟ್ಟಿಗೆ ಶತಮಾನಗಳಿಂದ ಬಂದಿದೆ. ಇದನ್ನು ವಿವರಿಸಲು ನಿಘಂಟಿಗಿಂತ ಸಂಗೊಳ್ಳಿ ರಾಯಣ್ಣನೇ ಲೇಸು.

ರಾಯಣ್ಣ ಬೈಲಹೊಂಗಲ ಸೀಮೆಯ ಸಂಗೊಳ್ಳಿಯ ಶೇತಸನದಿ ಮನೆತನದವನು. ‘ಶೇತ’ ಎಂದರೆ ಮರಾಠಿಯಲ್ಲಿ ಹೊಲ. ‘ಸನದು’ ಎಂದರೆ ಅಧಿಕಾರಪತ್ರ. ಊರನ್ನು ಕಾಯಬೇಕು, ಸಂಸ್ಥಾನ ಕರೆದಾಗ ಆಯುಧ ಹಿಡಿದು ಬರಬೇಕು. ಆ ಸೇವೆಗೆ ಪ್ರತಿಯಾಗಿ ಹೊಲ. ಅಂದರೆ ಅವನ ಕತ್ತಿಗೂ ಅವನ ಹೊಲಕ್ಕೂ ಒಂದೇ ಕಾಗದ. ‘ರಾಯಣ್ಣ ಕ್ಯಾರೀಡ್ ಎ ಸ್ವೋರ್ಡ್’ ಎಂದರೆ ಅವನ ಕೈಯಲ್ಲಿ ಕತ್ತಿ ಇತ್ತು ಎಂದು ತಿಳಿಯುತ್ತದೆ, ಅಷ್ಟೆ. ‘ರಾಯಣ್ಣ ಬೋರ್ ಆರ್ಮ್ಸ್ ಫಾರ್ ಕಿತ್ತೂರ್’ ಎಂದರೆ ಅವನ ಹುದ್ದೆ, ಅವನ ನಿಷ್ಠೆ, ಅವನ ಅನ್ನ ಎಲ್ಲವೂ ಅದರಲ್ಲಿ ಬಂತು. 1824ರ ಡಿಸೆಂಬರಿನಲ್ಲಿ ಕಂಪನಿಯ ಸೈನ್ಯ ಕೋಟೆಯನ್ನು ಹಿಡಿದು ಸಂಸ್ಥಾನವೇ ಇಲ್ಲವಾದಾಗ ಹೊಲ ಕೊಟ್ಟ ಸನದಿನ ಅರ್ಥವೂ ಹೋಯಿತು. ಜಮೀನಿನ ಮುಟ್ಟುಗೋಲು, ಕಂದಾಯದ ಹೊರೆ ಶುರುವಾದವು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿ 2ರಂದು ತೀರಿಕೊಂಡರು. ರಾಯಣ್ಣ ಮತ್ತೆ ಆಯುಧ ಎತ್ತಿದಾಗ ಅದು ಕಂಪನಿಯ ಕಣ್ಣಿಗೆ ‘ಟೇಕಿಂಗ್ ಅಪ್ ಆರ್ಮ್ಸ್’, ಎಂದರೆ ಬಂಡಾಯ. ಅವನ ಕಣ್ಣಿಗೆ ಅದು ಮುಂಚಿನ ಕೆಲಸವೇ, ಒಡೆಯ ಮಾತ್ರ ಈಗ ಗದ್ದುಗೆಯಲ್ಲಿಲ್ಲ. ಒಂದೇ ಖಡ್ಗಕ್ಕೆ ಎರಡು ಕ್ರಿಯಾಪದ. ಯಾವುದನ್ನು ಬರೆದಿರಿ ಎಂಬುದರ ಮೇಲೆ ನೀವು ಯಾರ ಪಕ್ಷದ ಇತಿಹಾಸ ಬರೆಯುತ್ತಿದ್ದೀರಿ ಎಂದು ಗೊತ್ತಾಗಿಬಿಡುತ್ತದೆ.

ರಾಯಣ್ಣ ಸೆರೆ ಸಿಕ್ಕ ಬಗೆಯನ್ನು ನಮ್ಮ ಜನ ಇಂದಿಗೂ ಹೇಳುತ್ತಾರೆ: ಹಳ್ಳದಲ್ಲಿ ಸ್ನಾನಕ್ಕೆ ಇಳಿದಿದ್ದ, ಖಡ್ಗ ಇನ್ನೊಬ್ಬನ ಕೈಯಲ್ಲಿತ್ತು, ಅವನೇ ದ್ರೋಹಿಯಾದ. ಇಂಗ್ಲಿಷಿನವರು ಇಂಥ ಸಂದರ್ಭಕ್ಕೆ ‘ಕಾಟ್ ಆಫ್ ಗಾರ್ಡ್’ ಎನ್ನುತ್ತಾರೆ. ‘ಗಾರ್ಡ್’ ಎಂದರೆ ಕತ್ತಿವರಸೆಯಲ್ಲಿ ಏಟನ್ನು ತಡೆಯಲು ಕತ್ತಿ ಹಿಡಿದು ನಿಲ್ಲುವ ಭಂಗಿ. ಆ ಭಂಗಿ ತಪ್ಪಿದಾಗ ಸಿಕ್ಕಿಬಿದ್ದ ಎಂದರ್ಥ. ಮೇಷ್ಟರು ಅನಿರೀಕ್ಷಿತವಾಗಿ ಪ್ರಶ್ನೆ ಕೇಳಿದಾಗ ತಡವರಿಸುವ ಹುಡುಗನೂ ‘ಆಫ್ ಗಾರ್ಡ್’ ಸಿಕ್ಕಿಬಿದ್ದವನೇ. ರಾಯಣ್ಣನ ವಿಷಯದಲ್ಲಿ ಮಾತ್ರ ಅಕ್ಷರಾರ್ಥ, ಲಕ್ಷ್ಯಾರ್ಥ ಎರಡೂ ಒಟ್ಟಿಗೆ ನಿಜವಾದವು. 1831ರ ಜನವರಿ 26ರಂದು ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು.

‘ಬೇರ್ ಆರ್ಮ್ಸ್’ ಎಂಬ ಈ ಎರಡು ಶಬ್ದಗಳ ಮೇಲೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯವೇ ಎರಡು ಹೋಳಾದ ಕಥೆಯೂ ಇದೆ. ಅಲ್ಲಿನ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿ ಜನರಿಗೆ ಆಯುಧವನ್ನು ‘ಕೀಪ್ ಆ್ಯಂಡ್ ಬೇರ್’ ಮಾಡುವ ಹಕ್ಕನ್ನು ಹೇಳುತ್ತದೆ. ಅದೇ ವಾಕ್ಯದಲ್ಲಿ ನಾಡಪಡೆಯ ಮಾತೂ ಇದೆ. ಹಾಗಾದರೆ ಈ ಹಕ್ಕು ನಾಡಪಡೆಯ ಯೋಧನದೋ, ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವ ಸಾಮಾನ್ಯನದೋ? 2008ರ ಹೆಲ್ಲರ್ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳು ‘ಬೇರ್’ ಎಂದರೆ ‘ಕ್ಯಾರಿ’ಯೇ, ಹಕ್ಕು ವ್ಯಕ್ತಿಯದು ಎಂದರು, ನಾಲ್ವರು ಭಿನ್ನಮತ ಬರೆದರು. ಅವರ ಪರವಾಗಿ ನ್ಯಾಯಮೂರ್ತಿ ಸ್ಟೀವನ್ಸ್, ಇದು ಸೈನಿಕ ಸೇವೆಯನ್ನು ಹೇಳುವ ನುಡಿಗಟ್ಟು ಎಂದು ವಾದಿಸಿದರು. ಆಮೇಲೆ ಭಾಷಾವಿದ್ವಾಂಸರು ಗಣಕಯಂತ್ರದ ನೆರವಿನಿಂದ 18ನೆಯ ಶತಮಾನದ ಬರಹಗಳನ್ನು ಜಾಲಾಡಿ ನೋಡಿದಾಗ ಈ ನುಡಿಗಟ್ಟು ಬಹುಮಟ್ಟಿಗೆ ಯುದ್ಧ ಮತ್ತು ಸೈನ್ಯದ ಸಂದರ್ಭದಲ್ಲೇ ಬಂದಿರುವುದು ಕಂಡಿತು. ನನಗೇನೋ ಸ್ಟೀವನ್ಸರ ಓದು ಭಾಷೆಗೆ ಹತ್ತಿರ ಎನ್ನಿಸುತ್ತದೆ. ತೀರ್ಪು ಮಾತ್ರ ಇನ್ನೊಂದು ಕಡೆಗೆ ಆಯಿತು, ಆ ದೇಶದಲ್ಲಿ ಅದೇ ಕಾನೂನು.

ನಮ್ಮ ಕಾನೂನಿನ ಇಂಗ್ಲಿಷ್ ಈ ವಿಷಯದಲ್ಲಿ ಹೆಚ್ಚು ಜಾಗರೂಕವಾಗಿದೆ. 1959ರ ಆಯುಧಗಳ ಕಾಯಿದೆಯ 3ನೆಯ ಕಲಮು ಬಂದೂಕನ್ನು ಪಡೆಯುವುದು, ವಶದಲ್ಲಿ ಇಟ್ಟುಕೊಳ್ಳುವುದು, ‘ಕ್ಯಾರಿ’ ಮಾಡುವುದು ಇವಕ್ಕೆ ಪರವಾನಗಿ ಬೇಕೆನ್ನುತ್ತದೆ. ‘ಬೇರ್’ ಎನ್ನುವುದಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಿದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು. ಜಮ್ಮಾ ಭೂಮಿಯೂ ಹಿಂದೆ ಸೈನಿಕ ಸೇವೆಗೆ ಅಂಟಿಕೊಂಡಿದ್ದ ಭೂಮಿಯೇ, ನಮ್ಮ ಶೇತಸನದಿಯ ಹೊಲದ ಹಾಗೆ. ಸಂವಿಧಾನದ 19ನೆಯ ವಿಧಿ ಶಾಂತಿಯಿಂದ ಮತ್ತು ‘ವಿದೌಟ್ ಆರ್ಮ್ಸ್’ ಸಭೆ ಸೇರುವ ಹಕ್ಕನ್ನು ಕೊಟ್ಟಿದೆ. 25ನೆಯ ವಿಧಿಯ ವಿವರಣೆಯಲ್ಲಿ ಸಿಖ್ಖರ ಕೃಪಾಣದ ಮಾತು ಬಂದಾಗ ‘ವೇರಿಂಗ್ ಆ್ಯಂಡ್ ಕ್ಯಾರಿಯಿಂಗ್’ ಎಂದು ಎರಡೂ ಪದಗಳನ್ನು ಹಾಕಿದ್ದಾರೆ. ಬೀದರಿನ ನಾನಕ ಝೀರಾ ಗುರುದ್ವಾರಕ್ಕೆ ಬರುವ ಸಿಖ್ಖರನ್ನು ನೋಡಿದವರಿಗೆ ಈ ಎರಡು ಪದ ಏಕೆ ಎಂದು ವಿವರಿಸಬೇಕಿಲ್ಲ: ಕೃಪಾಣ ಮೈಮೇಲಿನ ತೊಡುಗೆಯೂ ಹೌದು, ಒಯ್ಯುವ ಅಲಗೂ ಹೌದು.

ಆಯುಧ ಹೊರುವುದರ ಎದುರುಮಾತು ‘ಡಿಸ್‌ಆರ್ಮ್’. ಈ ಮಾತಿಗೆ ರಾಮದುರ್ಗದ ಆಸುಪಾಸಿನಲ್ಲಿ ರಕ್ತದ ಕಲೆ ಇದೆ. 1857ರಲ್ಲಿ ಉತ್ತರದ ದಂಗೆಯಿಂದ ಕಂಗೆಟ್ಟ ಸರಕಾರ, ಜನರು ಆಯುಧಗಳನ್ನು ಒಪ್ಪಿಸಬೇಕೆಂದು ನಿಶ್ಶಸ್ತ್ರೀಕರಣದ ಕಾಯಿದೆ ತಂದಿತು. ಆಗ ಮುಧೋಳ ಸಂಸ್ಥಾನದಲ್ಲಿದ್ದ ಹಲಗಲಿಯ ಬೇಡರು ಒಪ್ಪಿಸಲಿಲ್ಲ. ಬೇಟೆ ಅವರ ಕುಲಕಸುಬು. ಆಯುಧ ಕೊಟ್ಟರೆ ಉಳಿಯುವುದೇನು? ನವೆಂಬರಿನಲ್ಲಿ ಸೈನ್ಯ ಬಂತು, ಊರು ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿದರು. ಈ ಕಥೆಯ ಲಾವಣಿಯನ್ನೂ ರಾಯಣ್ಣನ ಲಾವಣಿಯನ್ನೂ ಜೆ. ಎಫ್. ಫ್ಲೀಟ್ ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದ. ಹಲಗಲಿಯ ಲಾವಣಿಯನ್ನು ಹತ್ತನೆಯ ತರಗತಿಯ ಪಾಠದಲ್ಲಿ ಓದಿದವರು ನಿಮ್ಮಲ್ಲಿ ಇರಬಹುದು. ಮರುವರ್ಷ, 1858ರ ಮೇ 29ರ ರಾತ್ರಿ, ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ನರಗುಂದದ ಬಾಬಾಸಾಹೇಬನ ಕಡೆಯವರು ಕೊಂದರು. ಎರಡೇ ವಾರದಲ್ಲಿ, ಜೂನ್ 12ರಂದು, ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಆ ದಿನಗಳಲ್ಲಿ ಒಬ್ಬ ಮನುಷ್ಯ ‘ಆರ್ಮ್ಡ್’ ಆಗಿದ್ದನೇ ಅಲ್ಲವೇ ಎಂಬುದು ವ್ಯಾಕರಣದ ಪ್ರಶ್ನೆಯಾಗಿರಲಿಲ್ಲ. ದಂಗೆಯೇಳದ ಪಲ್ಟನ್ನಿನಿಂದ ಓಡಿಹೋದ ಸಿಪಾಯಿ ಆಯುಧವಿಲ್ಲದೆ ಸಿಕ್ಕಿದರೆ ಅವನನ್ನು ಬೇರೆ ರೀತಿ ನಡೆಸಿಕೊಳ್ಳಬೇಕೆಂದು ಗವರ್ನರ್ ಜನರಲ್ ಕ್ಯಾನಿಂಗ್ 1857ರ ಜುಲೈನಲ್ಲಿ ಆಜ್ಞೆ ಮಾಡಿದ. ಅಷ್ಟಕ್ಕೇ ಇಂಗ್ಲಿಷರು ಅವನನ್ನು ‘ಕ್ಲೆಮೆನ್ಸಿ ಕ್ಯಾನಿಂಗ್’, ದಯೆಯ ಕ್ಯಾನಿಂಗ್ ಎಂದು ಹಂಗಿಸಿದರು.

ಅಂಥ ಮಾತು ಇವತ್ತು ‘ಎ ಡಿಸ್‌ಆರ್ಮಿಂಗ್ ಸ್ಮೈಲ್’ ಎಂಬಲ್ಲಿ ಎಷ್ಟು ಮೆತ್ತಗಾಗಿದೆ! ಎದುರಾಳಿಯ ಸಿಟ್ಟನ್ನು ಇಳಿಸಿಬಿಡುವ ನಗು ಎಂದರ್ಥ. ಇದನ್ನು ‘ನಿಶ್ಶಸ್ತ್ರಗೊಳಿಸುವ ನಗು’ ಎಂದು ಅನುವಾದಿಸಿದವರಿದ್ದಾರೆ. ಓದಿದರೆ ನಗು ಬರುತ್ತದೆ, ಆದರೆ ಆ ನಗುವಲ್ಲ. ‘ಸಿಟ್ಟು ಕರಗಿಸುವ ನಗು’ ಎಂದರೆ ಸಾಕು.

‘ಆರ್ಮ್ಡ್ ವಿತ್’ ಎಂಬುದು ಪತ್ರಿಕೆಗಳಿಗೆ ಬಲು ಪ್ರಿಯವಾದ ನುಡಿಗಟ್ಟು. ಅದರ ಮುಂದೆ ಏನು ಬರುತ್ತದೆ ಎಂಬುದನ್ನು ನೋಡಿದರೆ ಅರ್ಥ ತಾನೇ ತಿಳಿಯುತ್ತದೆ. ಕೊಡಲಿ ಬಂದರೆ ಅಕ್ಷರಾರ್ಥ; ಅಂಕಿಅಂಶ, ಮನವಿಪತ್ರ, ಪದವಿ ಬಂದರೆ ಲಕ್ಷ್ಯಾರ್ಥ. ‘ಆರ್ಮ್ಡ್ ವಿತ್ ಎ ಡಿಗ್ರಿ’ ಎಂದರೆ ಪದವಿಯ ಬಲದಿಂದ ಹೊರಟವನು. ತೊಡಕು ಬರುವುದು ನಡುವಿನ ವಸ್ತುಗಳಲ್ಲಿ. ‘ವಿಮೆನ್ ಆರ್ಮ್ಡ್ ವಿತ್ ಸಿಕಲ್ಸ್’ ಎಂದಾಗ ಜೋಳ ಕೊಯ್ಯಲು ಹೊರಟ ಹೆಂಗಸರೋ, ಜಗಳಕ್ಕೆ ನಿಂತವರೋ? ಹೊಲಕ್ಕೆ ಹೊರಟವರಿಗೆ ‘ಕ್ಯಾರಿಯಿಂಗ್ ಸಿಕಲ್ಸ್’ ಎಂದರೆ ಸಾಕಾಗಿತ್ತು. ‘ಆರ್ಮ್ಡ್’ ಎಂದ ಕೂಡಲೇ ಕುಡುಗೋಲು ಆಯುಧವಾಗುತ್ತದೆ, ಅದನ್ನು ಹಿಡಿದವರ ಮೇಲೆ ಆರೋಪ ಬೀಳುತ್ತದೆ.

ಇನ್ನು ಬಂದೂಕಿನ ಬಿಡಿಭಾಗಗಳಿಂದ ಹುಟ್ಟಿದ ಮಾತುಗಳು. 1824ರಲ್ಲಿ ಕಿತ್ತೂರಿಗೆ ಬಂದ ಕಂಪನಿಯ ಸಿಪಾಯಿಗಳ ಹೆಗಲ ಮೇಲಿದ್ದದ್ದು ಚಕಮಕಿ ಬಂದೂಕು. ಅದರ ಪಕ್ಕದಲ್ಲಿ ‘ಪ್ಯಾನ್’ ಎಂಬ ಪುಟ್ಟ ಬಟ್ಟಲು. ಅದರಲ್ಲಿ ಚಿಟಿಕೆ ಮದ್ದು. ಕುದುರೆ ಎಳೆದರೆ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ, ಬಟ್ಟಲ ಮದ್ದು ಹೊತ್ತಿ ಒಂದು ಸಣ್ಣ ತೂತಿನ ಮೂಲಕ ಬೆಂಕಿ ನಳಿಗೆಯೊಳಗಿನ ಮದ್ದಿಗೆ ತಗಲುತ್ತದೆ, ಗುಂಡು ಹಾರುತ್ತದೆ. ಕೆಲವೊಮ್ಮೆ ಬಟ್ಟಲ ಮದ್ದು ಮಾತ್ರ ಝಗ್ಗೆಂದು ಉರಿದು ಗುಂಡು ಅಲ್ಲೇ ಉಳಿದುಬಿಡುತ್ತದೆ. ಅದೇ ‘ಎ ಫ್ಲ್ಯಾಶ್ ಇನ್ ದಿ ಪ್ಯಾನ್’. ಮೊದಲ ಪಂದ್ಯದಲ್ಲಿ ಶತಕ ಹೊಡೆದು ಮತ್ತೆ ಕಾಣದೆ ಹೋದ ಆಟಗಾರನಿಗೆ ಇಂದು ಈ ಮಾತು ಸಲ್ಲುತ್ತದೆ. ‘ಲಾಕ್, ಸ್ಟಾಕ್ ಆ್ಯಂಡ್ ಬ್ಯಾರಲ್’ ಎಂದರೆ ಅದೇ ಬಂದೂಕಿನ ಕಿಡಿ ಹಾರಿಸುವ ಯಂತ್ರ, ಮರದ ಹಿಡಿ, ನಳಿಗೆ. ಮೂರೂ ಸೇರಿದರೆ ಇಡೀ ಬಂದೂಕು. ಆದ್ದರಿಂದ ಅರ್ಥ ‘ಸಾರಾಸಗಟಾಗಿ’, ‘ಗಂಟುಮೂಟೆ ಸಮೇತ’. ಇಲ್ಲಿಯ ‘ಲಾಕ್’ ಬೀಗವಲ್ಲ, ‘ಸ್ಟಾಕ್’ ಅಂಗಡಿಯ ದಾಸ್ತಾನೂ ಅಲ್ಲ.

‘ಸ್ಟಿಕ್ ಟು ಯುವರ್ ಗನ್ಸ್’ ಎಂಬುದರಲ್ಲಿ ‘ಗನ್ಸ್’ ಎಂದರೆ ಫಿರಂಗಿಗಳು. ಎದುರಿನಿಂದ ಗುಂಡು ಬರುತ್ತಿದ್ದರೂ ಫಿರಂಗಿಯನ್ನು ಬಿಟ್ಟು ಓಡದ ಗೋಲಂದಾಜನ ಚಿತ್ರ ಅದು. ಕನ್ನಡದಲ್ಲಿ ಇದಕ್ಕೆ ಸರಿಸಮವಾದ ಮಾತು ‘ಪಟ್ಟು ಬಿಡದಿರು’. ಪಟ್ಟು ಎಲ್ಲಿಂದ ಬಂತು ನೋಡಿ: ಕುಸ್ತಿಯಿಂದ. ತೊಡೆ ತಟ್ಟುವುದು, ಅಖಾಡಕ್ಕೆ ಇಳಿಯುವುದು, ಚಿತ್ ಮಾಡುವುದು ಎಲ್ಲ ಗರಡಿಮನೆಯ ಮಾತುಗಳು. ಇಂಗ್ಲಿಷರು ತಮ್ಮ ಹೋಲಿಕೆಗಳನ್ನು ಬಂದೂಕಿನಿಂದ ತಂದುಕೊಂಡ ಕಡೆಯಲ್ಲೆಲ್ಲ ನಮ್ಮವರು ಕೆಮ್ಮಣ್ಣಿನ ಗರಡಿಯಿಂದ ತಂದುಕೊಂಡಿದ್ದಾರೆ. ಕತ್ತಿಯ ವಿಷಯದಲ್ಲಿ ಮಾತ್ರ ಇಬ್ಬರೂ ಸಮೀಪ ಬರುತ್ತೇವೆ. ಅವರು ‘ಕ್ರಾಸ್ ಸ್ವೋರ್ಡ್ಸ್’ ಎಂದರೆ ನಾವು ‘ಕತ್ತಿ ಮಸೆ’ ಎನ್ನುತ್ತೇವೆ. ಆದರೆ ಅವರದು ಎದುರೆದುರು ನಿಂತ ಕಾಳಗ, ನಮ್ಮದು ಒಳಗೊಳಗೇ ನಡೆಯುವ ತಯಾರಿ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಬಾರದು.

‘ಬೇರ್ ಆರ್ಮ್ಸ್’ಗೆ ಮೂರನೆಯದೊಂದು ಅರ್ಥ ಉಳಿದಿದೆ. ಮಧ್ಯಯುಗದ ಯೋಧರು ಗುರಾಣಿಯ ಮೇಲೂ ಕವಚದ ಮೇಲಿನ ಅಂಗಿಯ ಮೇಲೂ ತಮ್ಮ ಮನೆತನದ ಗುರುತು ಬರೆಸುತ್ತಿದ್ದರು. ಅದು ‘ಕೋಟ್ ಆಫ್ ಆರ್ಮ್ಸ್’, ಲಾಂಛನ. ಅದನ್ನು ಹೊಂದುವ ಹಕ್ಕಿಗೂ ‘ಬೇರ್ ಆರ್ಮ್ಸ್’ ಎಂದೇ ಹೆಸರು. ಷೇಕ್ಸ್‌ಪಿಯರನ ತಂದೆಗೆ 1596ರಲ್ಲಿ ಈ ಹಕ್ಕು ಸಿಕ್ಕಿತು. ಆತ ವ್ಯಾಪಾರಿ, ಯೋಧನಲ್ಲ. ಗಂಡಭೇರುಂಡವಿರುವ ನಮ್ಮ ರಾಜ್ಯಲಾಂಛನದಲ್ಲಿ ಕತ್ತಿಯೂ ಇಲ್ಲ, ಬಿಲ್ಲೂ ಇಲ್ಲ. ಇಂಗ್ಲಿಷಿನಲ್ಲಿ ಅದಕ್ಕೂ ‘ಕೋಟ್ ಆಫ್ ಆರ್ಮ್ಸ್’ ಎನ್ನುವ ವಾಡಿಕೆಯಿದೆ.

ಆಯುಧ ಕೈಬಿಟ್ಟ ಮೇಲೂ ಹೆಸರಿನಲ್ಲಿ ಅದು ಉಳಿಯುವುದು ಎಲ್ಲ ಕಡೆಯ ರೂಢಿ. ರಾಮದುರ್ಗ ತಾಲ್ಲೂಕಿನ ತೊರಗಲ್ಲ ಕೋಟೆಯ ಶಿಂಧೆ ಮನೆತನಕ್ಕೆ ‘ಸೇನಾಖಾಸಖೇಲ’ ಎಂಬ ಬಿರುದು. ಅದು ದಂಡನ್ನು ನಡೆಸುವವನ ಪದವಿ. ಕೊಲ್ಲಾಪುರದ ಅಧೀನದ ಜಹಗೀರಾದ ಮೇಲೆ ದಂಡು ನಡೆಸುವ ಕೆಲಸ ಹೋಯಿತು, ಬಿರುದು ಹೋಗಲಿಲ್ಲ. ಇಂಗ್ಲಿಷಿನ ‘ಎಸ್ಕ್ವೈರ್’ ಕೂಡ ಹೀಗೆಯೇ. ಅದು ಗುರಾಣಿ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಯೋಧನ ಹಿಂದೆ ಗುರಾಣಿ ಹೊತ್ತು ನಡೆಯುವ ಹುಡುಗನಿಗೆ ಮೊದಲು ಆ ಹೆಸರಿತ್ತು. ಬರಬರುತ್ತ ಅದು ಲಕೋಟೆಯ ಮೇಲೆ ಹೆಸರಿನ ಮುಂದೆ ಬರೆಯುವ ಮರ್ಯಾದೆಯ ಮಾತಾಯಿತು. ಕಂಪನಿಯ ಸಿವಿಲ್ ಅಧಿಕಾರಿಗಳ ಹೆಸರಿನ ಮುಂದೆ ಆ ಕಾಲದ ಕಾಗದಪತ್ರಗಳಲ್ಲಿ ಈ ಪದ ಸಾಮಾನ್ಯ. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯೂ ಅಂಥ ಸಿವಿಲ್ ಅಧಿಕಾರಿಯೇ. ‘ವ್ಯಾನಿಟಿ ಫೇರ್’ ಬರೆದ ಕಾದಂಬರಿಕಾರ ಥ್ಯಾಕರೆಗೆ ಆತ ಚಿಕ್ಕಪ್ಪ. ಕಿತ್ತೂರಿನ ಬಾಗಿಲಲ್ಲಿ ಅಕ್ಟೋಬರ್ 23ರಂದು ಸತ್ತವರಲ್ಲಿ ಅವನೂ ಒಬ್ಬ. ಅಮಟೂರ ಬಾಳಪ್ಪನ ಗುಂಡು ತಗಲಿತು ಎಂದು ಈ ಸೀಮೆಯ ಜನ ಹೇಳುತ್ತಾರೆ.